ಬಿಸ್ಕೀಟ ಡಬ್ಬಿಯ ಬೌಲರ್

ಗಿರಣಿಗೆ ಜೋಳ ಒಯ್ದರೆ ಬೀಸಿ ಮುಗಿಯುವ ತನಕ ನಾನು ಅಲ್ಲಿಂದ ಕದಲುವವಳಲ್ಲ. ನಮ್ಮ ಬಿಳಿಜೋಳ ಎತ್ತಲೋ ಹೋಗಿ, ಯಾರದೋ ನುಸಿ ಹಿಡಿದ ಜೋಳದ ಹಿಟ್ಟು ನಮ್ಮ ಡಬ್ಬಿಗೆ ಬಿದ್ದರೆ, ಆ ರೊಟ್ಟಿ ಬಡಿಯುವವಳು ನಾನೇ ತಾನೆ? ಅದಕ್ಕೇ ಡಬ್ಬಿಯ ತಳಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ. ಓಣಿಯವರು ಕಾರ್ಯಕ್ಕೆಂದು ಕೇಳಿ ಒಯ್ಯುವ ಪಾತ್ರೆಗಳಿಗೆ ಹೆಸರು ಕೊರೆಸಿದ್ದು ಸಾಲದೆಂದು, ಕಾಣದ ಜಾಗದಲ್ಲಿ ಮೊಳೆಯಿಂದ ಒಂದು ಗೀರನ್ನೂ ಎಳೆದಿದ್ದೇನೆ. ನಮ್ಮ ಮನೆಯವರು ನಗುತ್ತಾರೆ: "ದೇವ್ರು ಪ್ರತ್ಯಕ್ಷ ಆಗಿ ಬಾಗಿಲದಾಗ ನಿಂತ್ರೂ ನೀ ಮೊದಲ ಆಧಾರ್ ಕಾರ್ಡ್ ತೋರ್ಸು ಅಂತಿ." ದೇವರ ಹತ್ತಿರ ನಾನು ಕೇಳುವುದಿಲ್ಲ. ಮನುಷ್ಯರ ಮಾತು ಬೇರೆ.

ಹೋದ ಚಳಿಗಾಲದ ಒಂದು ಮುಂಜಾನೆ ಪೂಜೆ ಮುಗಿಸಿ ಒಲೆಯ ಮೇಲೆ ಹಂಚು ಇಟ್ಟಿದ್ದೆ. ಬಬಲೇಶ್ವರದಿಂದ ತಮ್ಮನ ಫೋನ್ ಬಂತು. ಅವನದು ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಅಪ್ಪ ಹೋದ ಮೇಲೆ ಅವ್ವನೂ ಅವನ ಹತ್ತಿರವೇ ಇದ್ದಾಳೆ.

"ಯಕ್ಕಾ, ಆ ಬಿಸ್ಕೀಟ ಡಬ್ಬಿ ಇನ್ನೂ ಐತೇನ? ನಮ್ಮ ಕ್ರಿಕೆಟ್ ಕಾರ್ಡ್ ಇಟ್ಟಿದ್ದು?"

"ಐತಿ. ಯಾಕ?"

"ಬಾಯಿ ತಕ್ಕೊಂಡು ಓಡಿ ಬರ್ತಾನಲ್ಲ, ಆ ಪರದೇಶದ ಬೌಲರ್, ಅವನ ಕಾರ್ಡ್ ಅದರಾಗ ಐತೇನ ನೋಡು. ಅದು ಎಲ್ಲೂ ಸಿಗೂದಿಲ್ಲಂತ. ಈಗ ಅದಕ್ಕ ಭಾಳ ಬೆಲಿ ಬಂದೈತಿ."

ರೊಟ್ಟಿ ಹೊತ್ತಿತು ಎಂದು ಫೋನ್ ಇಟ್ಟೆ. ಆದರೆ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಶೇಂಗಾದ ಸಿಪ್ಪೆಯ ಹಾಗೆ ಉಳಿಯಿತು. 'ನಮ್ಮ' ಅಂದನಲ್ಲ! ಮದುವೆಯಾಗಿ ಬರುವಾಗ ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ನಿನ್ನ ಕಾರ್ಡ್ ಒಯ್ಯಕ್ಕಾ" ಅಂದವನು ಇವನೇ. ಬೆಲೆ ಬಂದ ಕೂಡಲೇ 'ನಿನ್ನ' ಹೋಗಿ 'ನಮ್ಮ' ಆಯಿತೆ?

ಅದರ ಹಿಂದಿನ ಕತೆ ಹೇಳಬೇಕು. ತಿಕೋಟಾದಲ್ಲಿ ಅಪ್ಪನದು ಕಿರಾಣಿ ಅಂಗಡಿ. ಆಗ ಚಿಂಗಮ್ಮಿನ ಪಾಕೀಟಿನಲ್ಲಿ ಒಂದೊಂದು ಕ್ರಿಕೆಟ್ ಕಾರ್ಡ್ ಬರುತ್ತಿತ್ತು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ರನ್ನು, ವಿಕೆಟ್ಟು. ಸಂತೆಯ ದಿನ ವ್ಯಾಪಾರ ಚೆನ್ನಾಗಿ ಆದರೆ ಅಪ್ಪ ನನಗೊಂದು, ತಮ್ಮನಿಗೊಂದು ಪಾಕೀಟು ಕೊಡುತ್ತಿದ್ದರು. ಚಿಂಗಮ್ ಸಂಜೆಗೆ ಮುಗಿಯುತ್ತಿತ್ತು, ಜಗಳ ಮುಗಿಯುತ್ತಿರಲಿಲ್ಲ. ಕಾರ್ಡುಗಳು ಕಲೆತು, ಇದು ನಂದು, ಅಲ್ಲ ನಂದು ಎಂದು ಜಡೆ ಹಿಡಿದು ಜಗ್ಗಾಡುವವರೆಗೆ ಹೋಗುತ್ತಿತ್ತು.

ಆಗ ಅವ್ವ ಬರುತ್ತಿದ್ದಳು. ಬಯ್ಯುತ್ತಿರಲಿಲ್ಲ. ಜಗಳಕ್ಕೆ ಬಿದ್ದ ಕಾರ್ಡನ್ನು ಕಸಿದುಕೊಂಡು ಹೊಸ್ತಿಲಿಗೆ ಹೋಗಿ, ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತುಟಿ ಅಲುಗಾಡಿಸುತ್ತಿದ್ದಳು. ಆಮೇಲೆ "ಇದು ಅಕ್ಕಂದು" ಎಂದೋ "ಇದು ತಮ್ಮಂದು" ಎಂದೋ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು.

"ನಿನಗ ಹೆಂಗ ಗೊತ್ತಾತ ಬೇ?" ಎಂದು ಕೇಳಿದರೆ, "ಮ್ಯಾಲಿನವನು ಹೇಳಿದ" ಅನ್ನುತ್ತಿದ್ದಳು.

ನಾನು ನಂಬಿದ್ದೆ. ಇಷ್ಟೆಲ್ಲ ಸಂಶಯದ ನಾನು ಜೀವನದಲ್ಲಿ ಮರುಮಾತಿಲ್ಲದೆ ಒಪ್ಪಿಕೊಂಡ ತೀರ್ಪೆಂದರೆ ಅವ್ವನ ಆ ತೀರ್ಪೊಂದೇ. ಬೌಲರನ ಕಾರ್ಡಿಗೂ ನಾವು ಕಿತ್ತಾಡಿದ್ದು ನೆನಪಿದೆ. ಅವ್ವ ಏನು ಹೇಳಿದಳೆಂಬುದು ಮಾತ್ರ ನೆನಪಿಲ್ಲ. ನನ್ನ ಡಬ್ಬಿಯಲ್ಲಿ ಇತ್ತು, ಹಾಗಾಗಿ ನನ್ನದು ಎಂದುಕೊಂಡಿದ್ದೆ.

ಡಬ್ಬಿ ತೆಗೆದೆ. ಮೇಲೆ ಜಂಪರಿನ ಹುಕ್ಕು, ಗುಂಡಿ, ಲಾಡಿ ಪೋಣಿಸುವ ಪಿನ್ನು. ಕೆಳಗೆ ಕಾರ್ಡುಗಳು. ಬೌಲರ್ ಬಾಯಿ ತೆರೆದುಕೊಂಡು ಹಾಗೆಯೇ ಓಡಿ ಬರುತ್ತಿದ್ದ. ಮೂಲೆ ಮುರಿದಿರಲಿಲ್ಲ, ಬಣ್ಣ ಹೋಗಿರಲಿಲ್ಲ. ಹುಳ ತಿನ್ನದೆ ಇಷ್ಟು ವರ್ಷ ಕಾಯ್ದ ದೇವರಿಗೆ ಅಲ್ಲಿಂದಲೇ ಕೈ ಮುಗಿದೆ.

ಸಂಜೆ ತಮ್ಮ ಮತ್ತೆ ಫೋನ್ ಹಚ್ಚಿದ. ಈ ಸಲ ಜೊತೆಗೆ ಪುಣೆಯ ಒಬ್ಬ ಮನುಷ್ಯನನ್ನೂ ಸೇರಿಸಿದ್ದ. ಅವನ ಕನ್ನಡ ಸೊಲ್ಲಾಪುರದ ಕಡೆಯದು, ಬೆಣ್ಣೆಯಂಥದು. ಹಳೆಯ ಕಾರ್ಡುಗಳನ್ನು ಅವನ ಹತ್ತಿರ ಕಳಿಸಬೇಕಂತೆ. ಅವನು ಪರದೇಶದ ಕಂಪನಿಗೆ ಕಳಿಸುತ್ತಾನಂತೆ. ಅಲ್ಲಿ ಭೂತಗನ್ನಡಿ ಹಿಡಿದು ಮೂಲೆ, ಅಂಚು, ಮೈ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಎಂದು ನಂಬರು ಕೊಟ್ಟು, ಎಂದೂ ತೆರೆಯಲಾಗದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ವಾಪಸು ಕಳಿಸುತ್ತಾರಂತೆ. ಇದಕ್ಕೆ ಗ್ರೇಡಿಂಗ್ ಅನ್ನುತ್ತಾರಂತೆ. ನಂಬರು ಇದ್ದರೇ ಬೆಲೆ.

"ತೆಗೀಲಿಕ್ಕ ಬರೂದಿಲ್ಲ ಅಂದ್ರ, ಒಳಗ ಇರೂದು ನಂದ ಕಾರ್ಡ್ ಅಂತ ನನಗ ಹೆಂಗ ಗೊತ್ತಾಗಬೇಕ್ರಿ?" ಎಂದೆ.

"ತಾಯಿ, ವಿಶ್ವಾಸದ ಮ್ಯಾಲ ನಡೀತೈತ್ರಿ ಈ ಧಂದೆ."

"ಹೌದ್ರಿ? ನಿಮ್ಮ ಮನಿ ಪುಣೇದಾಗ ಎಲ್ಲಿರಿ? ಮನ್ಯಾಗ ಹಿರ್ಯಾರು ಯಾರದಾರ್ರಿ? ನಿಮ್ಮ ತಾಯೀ ಕೂಡ ಒಂದೆರಡ ಮಾತಾಡಲೇನ್ರಿ?"

ತಮ್ಮ ನಡುವೆ ಬಾಯಿ ಹಾಕಿದ. "ಯಕ್ಕಾ, ನಾವೇನ್ ಹೆಣ್ಣು ನೋಡಾಕತ್ತೇವೇನ?"

ಪುಣೆಯವನು ನಕ್ಕ. ಅಷ್ಟು ಬೇಗ ನಗುವವರನ್ನು ನಾನು ನಂಬುವುದಿಲ್ಲ. ಸೋಮವಾರದೊಳಗೆ ಕೊರಿಯರ್ ಮಾಡಿದರೆ ಈ ತಿಂಗಳ ಗಂಟಿನಲ್ಲೇ ಸೇರಿಸುತ್ತೇನೆ ಎಂದ. ಅವಸರ ಮಾಡುವವರನ್ನೂ ನಂಬುವುದಿಲ್ಲ. ಆದರೆ ಅವನು ಪರಕೀಯ. ಮನಸ್ಸು ಕೊರೆಯುತ್ತಿದ್ದದ್ದು ತಮ್ಮನ 'ನಮ್ಮ'. ಇವರಿಬ್ಬರೂ ಮೊದಲೇ ಮಾತಾಡಿಕೊಂಡಿರಬಹುದೆ? ಕಳಿಸಿದ ಮೇಲೆ ಕಾರ್ಡು ಬಬಲೇಶ್ವರಕ್ಕೇ ಬಂದು ಅಲ್ಲೇ ಉಳಿದರೆ? ಹೋದದ್ದು ಕಾರ್ಡಾದರೆ ಹೋಗಲಿ. ಒಡಹುಟ್ಟಿದವನ ಮೇಲಿನ ನಂಬಿಕೆ ಹೋದರೆ ಪಂಚಮಿಗೆ ಯಾವ ಮುಖ ಹೊತ್ತು ತವರಿಗೆ ಹೋಗಲಿ?

ಮನೆಯವರಿಗೆ ಹೇಳಿದೆ. "ಕಳಿಸು, ಇಲ್ಲಾ ಬಿಡು. ಮೊದಲ ಊಟಕ್ಕ ಬಡಿಸು" ಎಂದರು.

ದೇವರನ್ನು ಕೇಳಿದೆ. ದೇವರ ಜಗಲಿಯ ಮೇಲಿನ ಲಿಂಗಕ್ಕೆ ಹೂ ಏರಿಸಿ, ಬಲಕ್ಕೆ ಬಿದ್ದರೆ ಕಳಿಸುತ್ತೇನೆ, ಎಡಕ್ಕೆ ಬಿದ್ದರೆ ಇಲ್ಲ ಎಂದು ಬೇಡಿಕೊಂಡು ಕೂತೆ. ಹೂ ಬಲಕ್ಕೇ ಬಿತ್ತು. ಕಣ್ಣಿಗೆ ಒತ್ತಿಕೊಂಡು ಮೇಲೆ ನೋಡುತ್ತೇನೆ, ಫ್ಯಾನ್ ತಿರುಗುತ್ತಿದೆ. ನನಗೆ ಸಂಶಯ ಬಂದದ್ದು ದೇವರ ಮೇಲಲ್ಲ, ಫ್ಯಾನಿನ ಮೇಲೆ. ಕೇಳಿದ್ದನ್ನೇ ಎರಡನೇ ಸಲ ಕೇಳುವುದೂ ಸರಿಯಲ್ಲ. ಹಾಗೇ ಎದ್ದೆ.

ಶನಿವಾರ ಸಿದ್ಧೇಶ್ವರ ಗುಡಿಗೆ ಹೋದವಳು ಗಾಂಧಿ ಚೌಕಕ್ಕೂ ಹೋಗಿ, ಕಾರ್ಡು ಇಡಲಿಕ್ಕೆ ಒಂದು ಗಟ್ಟಿ ಪಾರದರ್ಶಕ ಕವರು ತಂದೆ. ಕಳಿಸುವುದೆಂದೇ ಮನಸ್ಸು ಮಾಡಿದ್ದೆ, ಆದರೆ ಗುರುತು ಮಾಡಿ. ಪಾತ್ರೆಗೆ ಗೀರು, ಡಬ್ಬಿಗೆ ಚುಕ್ಕೆ, ಕಾರ್ಡಿಗೆ ಸೂಜಿ. ಒಂದು ಸಣ್ಣ ತೂತು ಚುಚ್ಚಿಬಿಟ್ಟರೆ ಯಾವ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೂ ನನ್ನ ಕಣ್ಣಿಗೆ ತಪ್ಪಿಸಿಕೊಳ್ಳಲಾರದು. ಅದರಿಂದ ನಂಬರು ಕಡಿಮೆಯಾದೀತು ಎಂಬುದು ನನ್ನ ತಲೆಗೇ ಬರಲಿಲ್ಲ. ಗುರುತು ಇಟ್ಟ ಪಾತ್ರೆಗೆ ಯಾರಾದರೂ ಬೆಲೆ ಕಡಿಮೆ ಹೇಳುತ್ತಾರೆಯೆ?

ಆದಿತ್ಯವಾರ ಬೆಳಿಗ್ಗೆ ಅಂಗಳದಲ್ಲಿ ಕೂತು ಸೂಜಿ ಹಿಡಿದೆ. ಕಾಣದ ಜಾಗ ಯಾವುದೆಂದು ನೋಡಲು ಕಾರ್ಡನ್ನು ಬಿಸಿಲಿಗೆ ಎತ್ತಿದೆ. ಬೌಲರನ ಬೆನ್ನ ಹಿಂದಿನ ಗಿಡಗಳ ಕಪ್ಪು ನೆರಳಿನಲ್ಲಿ ಸಾಸಿವೆಗಿಂತ ಸಣ್ಣದೊಂದು ಬೆಳಕು ಮಿಣುಕಿತು.

ತೂತು. ನನಗಿಂತ ಮೊದಲೇ ಯಾರೋ ಚುಚ್ಚಿದ್ದರು.

ತಮ್ಮನೇ ಇರಬೇಕು ಎಂದುಕೊಂಡೆ. ಡಬ್ಬಿಯಲ್ಲಿದ್ದ ಬೇರೆ ಕಾರ್ಡುಗಳನ್ನೂ ಒಂದೊಂದೇ ಬಿಸಿಲಿಗೆ ಹಿಡಿದೆ. ಎಲ್ಲದರಲ್ಲೂ ತೂತು, ಆದರೆ ಎರಡೆರಡು. ಬೌಲರನದರಲ್ಲಿ ಮಾತ್ರ ಒಂದೇ. ಹಾಗೆ ಒಂದು ಕಣ್ಣು ಮುಚ್ಚಿ ಬಿಸಿಲು ನೋಡುತ್ತ ಕೂತವಳಿಗೆ, ತಿಕೋಟಾದ ಹೊಸ್ತಿಲಲ್ಲಿ ಒಂದು ಕಣ್ಣು ಮುಚ್ಚಿ ನಿಂತ ಅವ್ವ ಕಂಡಳು.

ರೊಟ್ಟಿ-ಪಲ್ಯ ಮುಚ್ಚಿಟ್ಟು, ಕಾರ್ಡನ್ನು ಕವರಿನಲ್ಲಿ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ.

ಅವ್ವ ಪಡಸಾಲೆಯಲ್ಲಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿದೆ, ದಾರ ಪೋಣಿಸಿ ಕೊಟ್ಟರೆ ಹೊಲಿಗೆಯ ಟಾಕು ಮಾತ್ರ ಈಗಲೂ ಒಂದೇ ಸಾಲು. ಕಾರ್ಡನ್ನು ಅವಳ ಕೈಗೆ ಕೊಟ್ಟು, "ಯವ್ವಾ, ಇದಕ್ಕ ತೂತು ಯಾರು ಹಾಕಿದ್ದು?" ಎಂದೆ.

ಅವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಈಗ ಕಂಡ್ತೇನ ನಿನಗ! ನೀವು ಸಾಲಿಗೆ ಹೋದಾಗ ಕುಂತು ಚುಚ್ಚತಿದ್ದೆ. ಹುಡುಗಂದಕ್ಕ ಒಂದು, ನಿಂದಕ್ಕ ಎರಡು. ಇಲ್ಲಾಂದ್ರ ನಿಮ್ಮ ಜಗಳಾ ಬಗಿಹರಿಸಿ ನಾ ರೊಟ್ಟಿ ಯಾವಾಗ ಮಾಡ್ಲಿ?"

"ಮ್ಯಾಲಿನವನು ಹೇಳತಾನ ಅಂತಿದ್ದಿ!"

"ಮತ್ತ? ಬಿಸಿಲು ಎಲ್ಲಿಂದ ಬರ್ತೈತಿ, ಕೆಳಗಿಂದೇನ?"

ಹಾಗಾದರೆ ಬೌಲರ್ ತಮ್ಮನವನು. ನನ್ನ ಮದುವೆಯಲ್ಲಿ ತನ್ನ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ತೆಗೆದು, ಹೇಳದೆ ನನ್ನ ಡಬ್ಬಿಗೆ ಹಾಕಿ ಕಳಿಸಿದ್ದ. ಅದನ್ನೇ ಅವನು ಹೊಡೆದುಕೊಳ್ಳುತ್ತಾನೆಂದು ನಾನು ವಾರವಿಡೀ ನಿದ್ದೆಗೆಟ್ಟಿದ್ದೆ.

ಊಟದ ಹೊತ್ತಿಗೆ ತಮ್ಮ ಅಂಗಡಿ ಮುಚ್ಚಿ ಬಂದ. ಕೈಗೆ ಗ್ರೀಸು ಮೆತ್ತಿತ್ತು. ಅವ್ವನ ಮಡಿಲಲ್ಲಿ ಕಾರ್ಡು ನೋಡಿದವನೇ ಎಲ್ಲ ತಿಳಿದುಕೊಂಡ.

"ತೂತಿನ ವಿಷಯ ನಿನಗ ಗೊತ್ತಿತ್ತೇನಲೇ?" ಎಂದೆ.

"ಒಮ್ಮೆ ಜ್ವರ ಬಂದು ಸಾಲಿ ಬಿಟ್ಟು ಮಲಗಿದ್ದೆ, ಅವ್ವ ಚುಚ್ಚೂದ ನೋಡಿದ್ದೆ. ಈ ಕಾರ್ಡಿಗೂ ಐತಿ ಅನ್ನೂದ ಮರತಬಿಟ್ಟಿದ್ದೆ." ಆಮೇಲೆ ನನ್ನ ಮುಖ ನೋಡಿ ಕೇಳಿದ: "ನಾ ಇಸಕೋತೇನಿ ಅಂತ ತಿಳಕೊಂಡಿದ್ದಿ. ಹೌದಿಲ್ಲೊ?"

ಅವ್ವ ಎದುರಿಗಿದ್ದಳು, ಸುಳ್ಳು ಬರಲಿಲ್ಲ. "ಹೌದು" ಎಂದೆ.

"ಗಿರಣಿಯವಗೂ ನನಗೂ ಏನೂ ಫರಕಿಲ್ಲ ಹಂಗಾರ" ಎಂದು ನಕ್ಕ. ನಗುವಿನೊಳಗೆ ಸ್ವಲ್ಪ ನೋವೂ ಇತ್ತು, ನಾನು ಕಂಡೆ. "ನಿನಗ ಏನರ ಸಿಕ್ರ ಸಿಗಲಿ ಅಂತ ಹೇಳಿದ್ನಿ ಯಕ್ಕಾ. ಇರು, ಪುಣೇದವಗ ಕೇಳಿಬಿಡೂಣು."

ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟು ತೂತಿನ ವಿಷಯ ಹೇಳಿದ. ಪುಣೆಯವನು, ತೂತಿದ್ದರೆ ನಂಬರು ನೆಲಕ್ಕೆ ಬೀಳುತ್ತದೆ ಎಂದ. ಆಮೇಲೆ ದನಿ ಇಳಿಸಿದ. "ಕಾಳಜಿ ಬ್ಯಾಡ್ರಿ. ನಮ್ಮ ಕಡೆ ಕಾಗದದ ತಿರಳ ತುಂಬಿ, ಬಣ್ಣ ಹಚ್ಚಿ ಕೊಡಾವ್ರು ಅದಾರ. ತೂತು ಇತ್ತು ಅಂತ ಯಾರಿಗೂ ತಿಳಿಯೂದಿಲ್ಲ."

ನಾನು ತಮ್ಮನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ನಮ್ಮ ಅವ್ವ ಚುಚ್ಚಿದ್ದನ್ನು ಯಾರಿಗೂ ತಿಳಿಯದಂತೆ ಮುಚ್ಚುವವನು, ನಾವು ಕಳಿಸಿದ್ದನ್ನು ನಮಗೇ ತಿಳಿಯದಂತೆ ಬದಲಿಸಲಾರನೆ? ಇಬ್ಬರಲ್ಲಿ ಒಬ್ಬರ ಬಗ್ಗೆಯಾದರೂ ನನ್ನ ಸಂಶಯ ಸುಳ್ಳಾಗಲಿಲ್ಲ.

"ಬ್ಯಾಡ್ರಿ, ನಾವು ಕಳಸೂದಿಲ್ಲ" ಎಂದು ತಮ್ಮ ಫೋನ್ ಇಟ್ಟ.

"ನಿನ್ನ ಕಾರ್ಡ್ ನೀ ಇಟ್ಕೊ ಯಪ್ಪಾ" ಎಂದು ನಾನು ಕವರನ್ನು ಅವನ ಕಡೆ ಸರಿಸಿದೆ. ಅವನು ಮುಟ್ಟಲಿಲ್ಲ. ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಕೌದಿಯಲ್ಲಿ ಸಿಗಿಸಿದ್ದ ಸೂಜಿಯನ್ನು ಕಿತ್ತುಕೊಂಡ.

"ಏ, ಏನ್ ಮಾಡಾಕತ್ತೀಲೇ!"

ಕಾರ್ಡನ್ನು ಕವರಿನಿಂದ ತೆಗೆದು ಕೌದಿಯ ಮೇಲಿಟ್ಟು, ಹಳೆಯ ತೂತಿನ ಪಕ್ಕಕ್ಕೆ ಸೂಜಿ ಒತ್ತಿಬಿಟ್ಟ. ಅವ್ವನ ಕೈಗೆ ಕೊಟ್ಟು, "ಬೇ ಯವ್ವಾ, ನೋಡಿ ಹೇಳು. ಇದು ಯಾರದು?" ಎಂದ.

ಅವ್ವ ಬಾಗಿಲ ಕಡೆ ಹೊರಳಿದಳು. ಕಾರ್ಡನ್ನು ಬಿಸಿಲಿಗೆ ಎತ್ತಿ, ಒಂದು ಕಣ್ಣು ಮುಚ್ಚಿದಳು. ಆ ಮಂಜುಗಣ್ಣಿಗೆ ಏನು ಕಂಡಿತೋ, ಏನೂ ಕಾಣಲಿಲ್ಲವೋ, ತುಟಿಗಳು ಮಾತ್ರ ಮೊದಲಿನ ಹಾಗೆಯೇ ಅಲುಗಾಡಿದವು.

"ಅಕ್ಕಂದು" ಎಂದಳು. "ಮ್ಯಾಲಿನವನು ಹೇಳಿದ."

ತಿರುಗಿ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಸೀಟು ಸಿಕ್ಕಿತು. ಅದೂ ದೇವರ ದಯೆ. ಪಕ್ಕದಲ್ಲಿ ಕೂತವಳು ಎರಡು ಸಲ ನನ್ನ ಚೀಲದ ಕಡೆ ನೋಡಿದಂತಾಯಿತು. ಚೀಲವನ್ನು ಕಿಟಕಿಯ ಬದಿಗೆ ಸರಿಸಿಕೊಂಡು, ಮೇಲೆ ಸೆರಗು ಹೊದಿಸಿ ಕೂತೆ.