ತಣ್ಣನೆಯ ಕಂಬ

ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಈ ಸಂಜೆ ನಾನು ಮತ್ತು ಕಸ ಗುಡಿಸುವ ಅಜ್ಜಿ, ಇಬ್ಬರೇ. ಹಿಂದೊಮ್ಮೆ ಇದೇ ಹೊತ್ತಿಗೆ ಬಂದಾಗ ನನ್ನ ಹೆಂಡತಿ ಹೊರಗಿನ ಕಂಬವೊಂದಕ್ಕೆ ಕೆನ್ನೆಯಿಟ್ಟು “ಎಷ್ಟು ತಣ್ಣಗಿದೆ” ಎಂದಿದ್ದಳು. ಅವಳು ತೀರಿಕೊಂಡ ಮೇಲೆ ಆ ತಂಪನ್ನೇ ಹುಡುಕಿಕೊಂಡು ಬಂದೆ. ಬಳಪದ ಕಲ್ಲನ್ನು ಬುಗುರಿಯಂತೆ ತಿರುಗಿಸಿ ಕಡೆದ ಕಂಬಗಳು ಇಂದಿಗೂ ಎಣ್ಣೆ ಸವರಿದಷ್ಟು ನುಣುಪು. ಆದರೆ ಮುಟ್ಟಿದ್ದೆಲ್ಲ ಬೆಚ್ಚಗಿತ್ತು.

“ದೇವ್ರು ಒಳಗದಾನ್ರಿ. ಕಂಬ ಯಾಕ ಸವರಾಕತ್ತೀರಿ?” ಎಂದಳು ಅಜ್ಜಿ.

“ತಣ್ಣಗಿರೋ ಕಂಬ ಯಾವುದಮ್ಮಾ?”

“ಬಿಸಿಲುಂಡ ಕಲ್ಲು ಸಂಜಿಗೆ ಎಲ್ಲಿ ತಣ್ಣಗಿರ್ತೈತ್ರಿ? ಮುಂಜಾನಿ ಬರ್ರಿ.”

ನಾವು ಮುಂಜಾನೆ ಬಂದೇ ಇರಲಿಲ್ಲ. ಹಾಗಾದರೆ “ಎಷ್ಟು ತಣ್ಣಗಿದೆ” ಎಂಬ ಆ ಮಾತು ನನ್ನ ಹೆಂಡತಿಯದೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ?

ಅಜ್ಜಿ ಗುಡಿಸುತ್ತ ಆಚೆ ಹೋಗುವವರೆಗೆ ಕಾದು, ಒಂದು ಕಂಬಕ್ಕೆ ಕೆನ್ನೆಯಿಟ್ಟೆ. ಅದು ನನ್ನ ಕೆನ್ನೆಗಿಂತ ಬೆಚ್ಚಗಿತ್ತು.