ಮೀನಿನ ವಾಸನೆಗೊಂದು ನಮಸ್ಕಾರ

ಕೋವಿಡ್‌ಗೆ ಗಡಿ ಮುಚ್ಚಿ, ಹನೋಯ್, ಹುಯೆ, ಸೈಗಾನ್ ಸುತ್ತುವ ನಮ್ಮ ವಿಯೆಟ್ನಾಂ ಪ್ರವಾಸ ರದ್ದಾಯಿತು. ಮೂರೂ ಊರಿನ ರುಚಿಯನ್ನು ನಾವಿರುವ ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದೇ ವಿಯೆಟ್ನಾಮಿ ಹೋಟೆಲಿನಲ್ಲಿ ನೋಡೋಣವೆಂದು ಹೋದೆ. ನಾನು ಸಸ್ಯಾಹಾರಿ, ಹೊರಗೆ ಏನೇ ತಂದಿಟ್ಟರೂ ಮೊದಲು ಮೂಸಿ ನೋಡುತ್ತೇನೆ. ಹುಯೆ ಸೂಪನ್ನೂ ಮೂಸಿದೆ. ಮೀನಿನ ವಾಸನೆ ಇರಲಿಲ್ಲ, ಸಮಾಧಾನವಾಯಿತು. ಆಮೇಲೆ ನೋಡಿದರೆ ಯಾವ ವಾಸನೆಯೂ ಇರಲಿಲ್ಲ. ಕೋವಿಡ್ ಅಂಟಿತೇ ಎಂದು ಹೆದರಿದೆ. ಮನೆಯಲ್ಲಿ ಆರು ತಿಂಗಳ ಕೂಸಿದೆ.

"ನನಗೆ ವಾಸನೆ ಬರ್ತಿಲ್ಲ" ಎಂದೆ. ಹೋಟೆಲಿನಾಕೆ ಎರಡು ಹೆಜ್ಜೆ ಹಿಂದೆ ಸರಿದರು. ಒಳಗಿಂದ ಮೀನಿನ ಸಾಸ್ ಬಾಟಲಿ ತಂದು, ಮುಚ್ಚಳ ತೆಗೆದು, ದೂರದಿಂದಲೇ ಕೈ ಚಾಚಿ ನನ್ನ ಮೂಗಿಗೆ ಹಿಡಿದರು. ನಾತ ಬಡಿದು ಮುಖ ಹಿಂದಕ್ಕೆಳೆದೆ.

"ಮೂಗು ಸರಿಯಿದೆ ರೀ. ನೀವು ವೆಜ್ ಅಂದ್ರಿ, ಬರೀ ನೀರಲ್ಲಿ ತರಕಾರಿ ಬೇಯಿಸಿದೆ" ಎಂದರು.

ಮೀನು ನಾರಿತೆಂದು ದೇವರಿಗೆ ಕೈಮುಗಿದವನು ನಮ್ಮ ವಂಶದಲ್ಲಿ ನಾನೊಬ್ಬನೇ ಇರಬೇಕು.