ಎಲ್ಲರ ಹೆಸರನ್ನೂ ಬರೆದ ಅನ್ನದಾನಮ್ಮನವರು

ಇತಿಹಾಸವನ್ನು ಬೋಧಿಸುವ ಅಧ್ಯಾಪಕರು ನಮ್ಮ ಸೀಮೆಯಲ್ಲಿ ಅನೇಕರು ಆಗಿಹೋಗಿದ್ದಾರೆ. ಶಾಸನಗಳನ್ನು ಓದಿದವರು, ಕೋಟೆಗಳನ್ನು ಅಳೆದವರು, ಪಾಳೆಯಗಾರರ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವವರು ಅವರಲ್ಲಿದ್ದಾರೆ. ಆದರೆ ತಮ್ಮ ಎದುರಿನ ಬೆಂಚುಗಳಲ್ಲಿ ಕುಳಿತು ಎದ್ದುಹೋದವರದೂ ಒಂದು ಇತಿಹಾಸವೇ ಎಂದು ನಂಬಿ, ಅದನ್ನು ಹದಿನೇಳು ವರ್ಷ ಬಿಡದೆ ಬೆನ್ನತ್ತಿದವರು ಹಗರಿಬೊಮ್ಮನಹಳ್ಳಿಯ ಹಗರಿತೀರ ವಿದ್ಯಾಸಂಘದ ಕಾಲೇಜಿನ ಶ್ರೀಮತಿ ಅನ್ನದಾನಮ್ಮನವರೊಬ್ಬರೇ ಎಂದರೆ ಅದು ಹೊಗಳಿಕೆಯಲ್ಲ, ಇದ್ದ ಸಂಗತಿ. ಈ ಮೇ ತಿಂಗಳ ಕೊನೆಗೆ ಅವರು ನಿವೃತ್ತರಾದರು. ಕಾಲೇಜಿನ ಪ್ರಾಚಾರ್ಯರ ಕುರ್ಚಿಯಲ್ಲಿ ಒಂದು ದಿನವೂ ಕೂರದೆ ನಿವೃತ್ತರಾದರು. ಯಾಕೆಂಬುದನ್ನು ಹೇಳದೆ ಅವರನ್ನು ಅಭಿನಂದಿಸಿದರೆ ಅವರೇ ಒಪ್ಪುವುದಿಲ್ಲ.

ಕೊಟ್ಟೂರಿನ ಬಟ್ಟೆ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಧಾರವಾಡದಲ್ಲಿ ಎಂ.ಎ. ಮುಗಿಸಿ, ೧೯೭೫ರಲ್ಲಿ ಕಾಲೇಜಿಗೆ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಕಾಲೇಜಿಗೆ ಆಗ ಒಂದೇ ವರ್ಷ. ತಗಡಿನ ಛಾವಣಿ, ನಾಲ್ಕು ಕೋಣೆ. ೧೯೯೦ರಲ್ಲಿ ವಾರ್ಷಿಕ ಸಂಚಿಕೆಯ ಸಂಪಾದಕತ್ವ ಅವರ ಪಾಲಿಗೆ ಬಂತು. ಆ ವರ್ಷವೇ ಅವರು "ನಮ್ಮ ಪದವೀಧರರು" ಎಂಬ ಹೊಸ ಪುಟವನ್ನು ತೆರೆದರು. ಕಾಲೇಜಿನಿಂದ ಹೊರಬಿದ್ದವರು ಈಗ ಎಲ್ಲಿದ್ದಾರೆ, ಯಾವ ಕೆಲಸದಲ್ಲಿದ್ದಾರೆ, ಮದುವೆಯಾಯಿತೆ, ಮಕ್ಕಳೆಷ್ಟು – ಇಷ್ಟೇ ಅದರ ಹೂರಣ. ಹಳೆಯ ವಿಳಾಸಗಳಿಗೆಲ್ಲ ಜೋಡಿ ಅಂಚೆಕಾರ್ಡು ಹಾಕುತ್ತಿದ್ದರು. ಒಂದು ಓದಲಿಕ್ಕೆ, ಇನ್ನೊಂದು ಉತ್ತರ ಬರೆದು ತಿರುಗಿ ಹಾಕಲಿಕ್ಕೆ.

ಉತ್ತರ ಬರೆಯುತ್ತಿದ್ದವರು ಯಾರೆಂದರೆ ಬ್ಯಾಂಕಿನಲ್ಲಿದ್ದವರು, ತಾಲ್ಲೂಕು ಕಚೇರಿಯಲ್ಲಿದ್ದವರು, ಅಧ್ಯಾಪಕರಾದವರು. ಉಳಿದವರು ಬರೆಯುತ್ತಿರಲಿಲ್ಲ. ಬರೆಯದವರ ಹೆಸರುಗಳು ವರ್ಷ ವರ್ಷ ಹೆಚ್ಚಾಗುತ್ತ ಹೋದದ್ದು ಅವರ ಮನಸ್ಸಿಗೆ ನಾಟಿತು. ಬದುಕು ತಾವು ಅಂದುಕೊಂಡಂತೆ ಆಗಲಿಲ್ಲವೆಂದು ಇವರೆಲ್ಲ ಬಾಯಿ ಕಟ್ಟಿಕೊಂಡಿದ್ದಾರೆಯೇ ಎಂದು ಯೋಚಿಸಿದರು. ೧೯೯೪ರ ಬೇಸಿಗೆ ರಜೆಯಲ್ಲಿ, ಮೂರು ಕಾರ್ಡಿಗೂ ಉತ್ತರ ಕೊಡದ ಕರಿಸಿದ್ದಪ್ಪ ಎಂಬ ವಿದ್ಯಾರ್ಥಿಯನ್ನು ಹುಡುಕಿಕೊಂಡು ಕೂಡ್ಲಿಗಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಗುಡೇಕೋಟೆಗೆ ಇಳಿದರು.

ಕರಿಸಿದ್ದಪ್ಪ ೧೯೮೮ರ ಬಿ.ಎ.; ತರಗತಿಯಲ್ಲಿ ಮೊದಲಿಗ. ಆತ ಸಿಕ್ಕಿದ್ದು ಊರಾಚೆಯ ಬಂಡೆಗುಡ್ಡದ ಕೆಳಗೆ, ಹೆಗಲ ಮೇಲೆ ಕಂಬಳಿ, ಮುಂದೆ ಕುರಿ ಹಿಂಡು. ಮೇಡಂ ಬರುವುದನ್ನು ದೂರದಿಂದಲೇ ಕಂಡು ಬಂಡೆಯ ಮರೆಗೆ ಸರಿದ. ಅವರು ಬಂಡೆಯನ್ನು ಸುತ್ತಿಹಾಕಿ ಹೋಗಿ ಎದುರಿಗೆ ನಿಂತರು.

"ನಂದೇನು ಬರೀತೀರಿ ಬಿಡ್ರಿ ಮೇಡಂ," ಎಂದ ಕರಿಸಿದ್ದಪ್ಪ. "ಡಿಗ್ರಿ ತಗಂಡು ಕುರಿ ಹಿಂದ ಅದಾನ ಅಂತ ಬರೀತೀರೇನ್ರಿ?"

"ಹೌದಪ್ಪ. ಎಷ್ಟು ಕುರಿ ಅದಾವು?"

"ಎಂಬತ್ತಾರು."

"ಹಂಗಾರ ಎಂಬತ್ತಾರು ಅಂತ ಬರೀತೀನಿ. ಸುಳ್ಳು ಬರಿಯಾಕ ನನಗ ಬರಂಗಿಲ್ಲ."

ಕರಿಸಿದ್ದಪ್ಪ ಕಂಬಳಿಯನ್ನು ಬಂಡೆಯ ಮೇಲೆ ಹಾಸಿ ಅವರಿಗೆ ಕೂರಲು ಜಾಗ ಮಾಡಿಕೊಟ್ಟ. ಆಮೇಲೆ ತಾನಾಗಿಯೇ ಹೇಳತೊಡಗಿದ: ಸುತ್ತಲಿನ ಒಂಬತ್ತು ಊರಿನ ಕುರಿಗಾರರನ್ನು ಸೇರಿಸಿ ಸಂಘ ಕಟ್ಟಿದ್ದು, ಅರ್ಜಿಗಳನ್ನೆಲ್ಲ ತಾನೇ ಬರೆಯುವುದು, ಪಶುವೈದ್ಯರು ವರ್ಷಕ್ಕೆರಡು ಸಲ ಗುಡ್ಡದ ಬುಡಕ್ಕೇ ಬಂದು ಲಸಿಕೆ ಹಾಕುವಂತೆ ಮಾಡಿದ್ದು, ಮಗಳು ಪುಷ್ಪಲತಾಳನ್ನು ಶಾಲೆಗೆ ಹಾಕಿದ್ದು. ಅನ್ನದಾನಮ್ಮನವರು ಕೈಚೀಲವನ್ನು ಮೇಜು ಮಾಡಿಕೊಂಡು ಅಲ್ಲೇ ಕೂತು ಎಲ್ಲವನ್ನೂ ಬರೆದುಕೊಂಡರು. ಆ ವರ್ಷದ ಸಂಚಿಕೆಯಲ್ಲಿ ಒಬ್ಬ ಬ್ಯಾಂಕ್ ವ್ಯವಸ್ಥಾಪಕರ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, ಎಂಬತ್ತಾರು ಕುರಿಗಳ ಕರಿಸಿದ್ದಪ್ಪ ಬಂದ. ಅದನ್ನು ಓದಿದ ಮೇಲೆ ಬಾಯಿ ಕಟ್ಟಿಕೊಂಡಿದ್ದ ಎಷ್ಟೋ ಜನ ಕಾರ್ಡು ಬರೆಯತೊಡಗಿದರು.

ಕಾಲೇಜಿಗೆ ಇಪ್ಪತ್ತೈದು ತುಂಬಿದ ೧೯೯೯ರಲ್ಲಿ ಬೆಳ್ಳಿಹಬ್ಬದ ಸಂಪುಟವನ್ನು ಹೊರತರುವುದೆಂದು ಆಡಳಿತ ಮಂಡಳಿ ನಿರ್ಧರಿಸಿತು. ಅಧ್ಯಕ್ಷರು ಹಾಲೇಶಪ್ಪನವರು, ಹರಪನಹಳ್ಳಿಯ ಮೆಕ್ಕೆಜೋಳದ ದೊಡ್ಡ ವರ್ತಕರು, ಕಾಲೇಜಿಗಾಗಿ ದುಡಿದವರು, ಮಾತಿನಲ್ಲಿ ಮೆತ್ತಗೆ, ಹಿಡಿತದಲ್ಲಿ ಬಿಗಿ. ಸಂಪುಟದ ಸಂಪಾದಕರು ಅನ್ನದಾನಮ್ಮನವರೇ. ಹೊಸಪೇಟೆಯ ಅಚ್ಚುಕೂಟದಿಂದ ಕರಡು ಬಂದಾಗ ಹಾಲೇಶಪ್ಪನವರು ಪದವೀಧರರ ಪುಟದಲ್ಲಿ ಐದು ಹೆಸರುಗಳ ಮೇಲೆ ಕೆಂಪು ಗೆರೆ ಎಳೆದಿದ್ದರು. ಕುರಿ ಕಾಯುವ ಕರಿಸಿದ್ದಪ್ಪ. ಕೊಟ್ಟೂರಿನ ಒಬ್ಬ ದರ್ಜಿ. ಒಬ್ಬ ಲಾರಿ ಚಾಲಕ. ಗಂಡನನ್ನು ಬಿಟ್ಟು ಬಂದು ಕೂಡ್ಲಿಗಿಯಲ್ಲಿ ಖಾನಾವಳಿ ನಡೆಸುತ್ತಿದ್ದ ಒಬ್ಬ ಹೆಣ್ಣುಮಗಳು. ಕೊನೆಯದು ಹಡಗಲಿ ಕಡೆಯ ಸುಂಕಮ್ಮ.

ಸುಂಕಮ್ಮ ೧೯೯೩ರ ಬಿ.ಎ.; ಆಗ ಅಂಗನವಾಡಿ ಮೇಲ್ವಿಚಾರಕಿ. ಆಕೆಯ ತಾಯಿ ಉಚ್ಚಂಗೆಮ್ಮನನ್ನು ಚಿಕ್ಕಂದಿನಲ್ಲಿ ದೇವರಿಗೆ ಬಿಟ್ಟಿದ್ದರು. ಸುಂಕಮ್ಮ ತನ್ನ ಕಾರ್ಡಿನಲ್ಲಿ ಬರೆದಿದ್ದಳು: "ಕಳೆದ ವೈಶಾಖದಲ್ಲಿ ನನ್ನ ಮದುವೆಯಾಯಿತು. ಲಗ್ನಪತ್ರಿಕೆಯಲ್ಲಿ ನನ್ನ ತಾಯಿ ಉಚ್ಚಂಗೆಮ್ಮನ ಹೆಸರೊಂದನ್ನೇ ಹಾಕಿಸಿದೆ. ಪುಟದಲ್ಲಿಯೂ ಹಾಗೆಯೇ ಹಾಕಬೇಕೆಂದು ವಿನಂತಿ." ಇದನ್ನು ಓದಿದ ದಿನವೇ ಅನ್ನದಾನಮ್ಮನವರಿಗೆ ಒಂದು ಅಳುಕು ಬಂದಿತ್ತು. ಮಗಳ ಧೈರ್ಯಕ್ಕೆ ತಾಯಿ ನೋಯಬಾರದಲ್ಲ ಎಂದು ಹಡಗಲಿಗೆ ಹೋಗಿ ಉಚ್ಚಂಗೆಮ್ಮನನ್ನೇ ಕೇಳಿದ್ದರು. ಆಕೆ ಜೋಳದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದ್ದು ಇಷ್ಟು: "ನನ್ನ ಹೆಸರು ಇಲ್ಲೀತನಕ ರೇಷನ್ ಕಾರ್ಡಿನಾಗ ಬಿಟ್ರ ಎಲ್ಲೂ ಬರದಿಲ್ಲರೀ ಅಮ್ಮಾರ. ಹಾಕ್ರಿ. ಓದೋರು ಓದ್ಲಿ."

ಕೆಂಪು ಗೆರೆಯ ಕರಡನ್ನು ಹಿಡಿದು ಅನ್ನದಾನಮ್ಮನವರು ಅಧ್ಯಕ್ಷರ ಕೋಣೆಗೆ ಹೋದರು. ಹಾಲೇಶಪ್ಪನವರು ಕುರ್ಚಿ ತೋರಿಸಿ, ಚಹಾ ತರಿಸಿ, ಸಮಾಧಾನದಿಂದಲೇ ಮಾತಾಡಿದರು.

"ನೋಡ್ರಿ ಮೇಡಂ, ಈ ಪುಸ್ತಕ ಮಂತ್ರಿಗಳ ಕೈಗೆ ಹೋಗೋದು. ನಮ್ಮ ಕಾಲೇಜಿನಾಗ ಕಲಿತೋರು ಏನೇನಾದ್ರು ಅಂತ ನಾಕು ಮಂದಿ ನೋಡತಾರ. ಕುರಿ ಕಾಯೋರು, ದೇವರಿಗೆ ಬಿಟ್ಟೋರ ಮಕ್ಕಳು, ಇವೆಲ್ಲಾ ಯಾಕ ಬೇಕ್ರಿ?"

"ಏನೇನಾದ್ರು ಅಂತನ ಬರದೀನ್ರಿ," ಎಂದರು ಅನ್ನದಾನಮ್ಮನವರು.

"ಜೂನಿನಾಗ ಪ್ರಾಚಾರ್ಯರ ಜಾಗ ಖಾಲಿ ಆಕ್ಕತಿ. ಹಿರಿತನ ನಿಮ್ದ ಐತಿ. ನಾವೂ ನಿಮ್ಮನ್ನ ಮನಸಿನಾಗ ಇಟಗಂಡೀವಿ."

ಆ ಮಾತಿನ ಅರ್ಥ ಅವರಿಗೆ ಆಗದೆ ಇರಲಿಲ್ಲ. ಆ ಕುರ್ಚಿಯ ಆಸೆ ಅವರಿಗಿತ್ತು. ಈ ಸೀಮೆಯಲ್ಲಿ ಕಾಲೇಜೊಂದರ ಪ್ರಾಚಾರ್ಯೆಯಾದ ಮೊದಲ ಹೆಣ್ಣು ತಾನಾಗಬೇಕೆಂದು ತಗಡಿನ ಛಾವಣಿಯ ದಿನಗಳಿಂದ ಒಳಗೊಳಗೇ ಇಟ್ಟುಕೊಂಡು ಬಂದ ಆಸೆ ಅದು.  ಚಹಾದ ಬಟ್ಟಲು ಕೆಳಗಿಟ್ಟು ಅವರು ಹೇಳಿದರು: "ಪುಟ ಇದ್ದಂಗ ಬರಬೇಕ್ರಿ. ಇಲ್ಲಾ ಅಂದ್ರ ಸಂಪಾದಕರು ಅಂತ ನನ್ನ ಹೆಸರು ತೆಗೀರಿ."

ಮಂಡಳಿ ಎರಡನ್ನೂ ಮಾಡಲಿಲ್ಲ. ಅವರ ಹೆಸರನ್ನು ಉಳಿಸಿಕೊಂಡು, ಐದು ಹೆಸರುಗಳನ್ನು ಕಿತ್ತು ಅಚ್ಚಿಗೆ ಕಳಿಸಿತು.

ಸಮಾರಂಭ ಮರುವರ್ಷದ ಜನವರಿಯ ಕೊನೆಯ ಭಾನುವಾರ. ಆರುನೂರು ಪ್ರತಿಗಳ ಕಟ್ಟುಗಳು ಗುರುವಾರ ಬೆಳಿಗ್ಗೆ ಬಂದವು. ಜವಾನ ಬೆನಕಪ್ಪ ಒಂದು ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಅವರ ಕೈಗಿತ್ತ. ಪುಟವನ್ನು ಮತ್ತೆ ಜೋಡಿಸಲು ಅಚ್ಚುಕೂಟದವರಿಗೆ ಪುರುಸೊತ್ತಾಗಿರಲಿಲ್ಲ. ಐದು ಹೆಸರು ಇದ್ದ ಕಡೆ ಬರೀ ಬಿಳಿ ಜಾಗ ಉಳಿದಿತ್ತು. ಅನ್ನದಾನಮ್ಮನವರು ಆ ಬಿಳಿ ಜಾಗವನ್ನು ನೋಡುತ್ತ ನಿಂತರು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಕರಿಹಲಗೆಯ ಮೇಲೆ ಬರೆಯುವ ತಮ್ಮ ದುಂಡನೆಯ ಅಕ್ಷರದಲ್ಲಿ ಐದು ಸಾಲು ಬರೆದರು. ಆ ಪ್ರತಿಯನ್ನು ಬದಿಗಿಟ್ಟು ಎರಡನೆಯದಕ್ಕೆ ಕೈಹಾಕಿದರು.

"ಆರುನೂರ್ ಅದಾವ್ರಿ ಅಮ್ಮಾರ," ಎಂದ ಬೆನಕಪ್ಪ.

"ಮೂರು ದಿನ ಐತಿ ಬೆನಕಪ್ಪ. ಕಟ್ಟು ಬಿಚ್ಚು ನೀನು."

ಬೆನಕಪ್ಪ ಬಿಚ್ಚಿದ. ಇತಿಹಾಸ ವಿಭಾಗದ ಕೋಣೆಯಲ್ಲಿ ಗುರುವಾರ ಸಂಜೆಯವರೆಗೆ ಬರೆದರೂ ನೂರಿಪ್ಪತ್ತೇ ಪ್ರತಿ ಆಗಿದ್ದವು, ಬೆರಳು ಬಾತಿದ್ದವು. ಬೆನಕಪ್ಪ ಅವರ ಅಪ್ಪಣೆಗೆ ಕಾಯದೆ ಅಂಚೆ ಕಚೇರಿಯಿಂದ ಎರಡು ಫೋನು ಮಾಡಿಬಂದ. ಶುಕ್ರವಾರ ಬೆಳಿಗ್ಗೆ ಗುಡೇಕೋಟೆಯಿಂದ ಕರಿಸಿದ್ದಪ್ಪ ಬಂದ, ಹಡಗಲಿಯಿಂದ ಸುಂಕಮ್ಮ ಬಂದಳು, ಸುಂಕಮ್ಮನ ಜೊತೆ ಆಕೆಯ ಗಂಡನೂ ಬಂದ. ನಾಲ್ವರೂ ನಾಲ್ಕು ಬೆಂಚುಗಳಲ್ಲಿ ಕುಳಿತು ಬರೆದರು. ಕೋಲು ಹಿಡಿದು ಗಡುಸಾದ ಕರಿಸಿದ್ದಪ್ಪನ ಕೈಯ ಅಕ್ಷರಗಳು ಮೊದಲ ಇಪ್ಪತ್ತು ಪ್ರತಿಗಳಲ್ಲಿ ಸೊಟ್ಟಗಿವೆ, ಆಮೇಲೆ ನೆಟ್ಟಗಾಗಿವೆ. ಆ ಸಂಪುಟ ನಿಮ್ಮ ಮನೆಯಲ್ಲಿದ್ದರೆ ನೂರಾ ಹನ್ನೆರಡನೆಯ ಪುಟ ತೆರೆದು ನೋಡಬಹುದು.

ಭಾನುವಾರ ವೇದಿಕೆಯ ಮೇಲೆ ಸಂಪುಟ ಬಿಡುಗಡೆಯಾಯಿತು, ಸಭೆಯಲ್ಲಿ ಹಂಚಿಕೆಯೂ ಆಯಿತು. ಹಾಲೇಶಪ್ಪನವರು ಪುಟ ತಿರುವುತ್ತ ತಿರುವುತ್ತ ಶಾಯಿಯ ಸಾಲುಗಳ ಮೇಲೆ ನಿಂತರು. ಭಾಷಣಗಳು ಮುಗಿಯುತ್ತಲೇ ವೇದಿಕೆಯ ಬದಿಗೆ ಬಂದು, ಜನ ಕೇಳದ ಹಾಗೆ, "ಇದೇನ್ರಿ ಮೇಡಂ?" ಎಂದರು.

"ಅಚ್ಚಿನಾಗ ಬಿಟ್ಟು ಹೋಗಿತ್ರಿ," ಎಂದರು ಅನ್ನದಾನಮ್ಮನವರು. "ತುಂಬಿಸೀನಿ."

ಕೆಳಗೆ ಹೆಂಗಸರ ಸಾಲಿನಲ್ಲಿ ಉಚ್ಚಂಗೆಮ್ಮ ತನ್ನ ಹೆಸರು ಎಲ್ಲಿದೆ ಎಂದು ಮಗಳಿಂದ ತೋರಿಸಿಕೊಂಡು, ಅದರ ಮೇಲೆ ಬೆರಳಿಟ್ಟು ಕುಳಿತಿದ್ದಳು. ಊಟಕ್ಕೆ ಏಳುವವರೆಗೂ ಬೆರಳು ತೆಗೆಯಲಿಲ್ಲ.

ಸೋಮವಾರವೇ ಮಂಡಳಿಯ ನೋಟೀಸು ಬಂತು. "ಬರೆದದ್ದು ನಾನೇ; ಸುಳ್ಳೇನಾದರೂ ಇದ್ದರೆ ತೋರಿಸಿ" ಎಂಬ ಒಂದೇ ಸಾಲಿನ ಉತ್ತರ ಹೋಯಿತು. ಸಂಪಾದಕತ್ವ ತಪ್ಪಿತು. ಜೂನಿನಲ್ಲಿ ಪ್ರಾಚಾರ್ಯ ಪದವಿ ಅವರಿಗಿಂತ ಎಂಟು ವರ್ಷ ಕಿರಿಯರೊಬ್ಬರಿಗೆ ಹೋಯಿತು. ೨೦೦೩ರಲ್ಲಿ ಮತ್ತೊಮ್ಮೆ ಖಾಲಿಯಾದಾಗಲೂ ಅವರನ್ನು ದಾಟಿಯೇ ಹೋಯಿತು. ಆ ಎರಡೂ ಸಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತದ್ದನ್ನು ಅವರು ಮುಚ್ಚಿಟ್ಟಿಲ್ಲ. ಮರುದಿನ ಮೊದಲ ತಾಸಿಗೆ ತರಗತಿಯಲ್ಲಿ ಇದ್ದರೆಂಬುದೂ ಅಷ್ಟೇ ನಿಜ. ಮದುವೆಯಾಗದ ಹೆಣ್ಣಿಗೆ ಇಷ್ಟು ಹಟ ಯಾಕೆ ಎಂದು ಆಡಿಕೊಂಡವರಿದ್ದರು. ಪುಟ ನಿಂತಿತೆಂದು ಅಂದುಕೊಂಡವರಿಗೆ ಅವರು ಸಂಪಾದಕತ್ವ ತಪ್ಪಿದ ಮರುವರ್ಷದ ಸಂಕ್ರಾಂತಿಗೇ ಉತ್ತರ ಕೊಟ್ಟರು: ಪುಟವನ್ನು ಬೆರಳಚ್ಚು ಮಾಡಿಸಿ, ಕಲ್ಲಚ್ಚಿನಂತೆ ಮಸುಕಾದ ಪ್ರತಿಗಳನ್ನು ತಾವೇ ಅಂಚೆಗೆ ಹಾಕಿದರು. ಅದರಲ್ಲಿ ತಮ್ಮ ಹೆಸರನ್ನೂ ಸೇರಿಸಿದ್ದರು: "ಅನ್ನದಾನಮ್ಮ, ಎಂ.ಎ. ಉಪನ್ಯಾಸಕಿ. ಮದುವೆ ಆಗಿಲ್ಲ. ಕಾರಣ ಕೇಳುವವರು ಕಾರ್ಡು ಬರೆಯುವ ಅಗತ್ಯವಿಲ್ಲ."

೨೦೦೪ರ ಮಳೆಗಾಲದಲ್ಲಿ ಹರಪನಹಳ್ಳಿಯಿಂದ ಒಂದು ಕಾರ್ಡು ಬಂತು. ಬರೆದವನು ಗಂಗಾಧರ್, ೧೯೯೨ರ ಬಿ.ಕಾಂ., ಹಾಲೇಶಪ್ಪನವರ ಹಿರಿಯ ಮಗ. ವ್ಯಾಪಾರ ಅವನ ಕೈ ಹತ್ತಿರಲಿಲ್ಲ. ಬಸ್ ನಿಲ್ದಾಣದ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅಪ್ಪ ಮಗನ ಮಾತು ಎತ್ತುವುದನ್ನೇ ಬಿಟ್ಟಿದ್ದರೆಂಬುದು ಊರಿಗೆಲ್ಲ ಗೊತ್ತಿತ್ತು. ಅನ್ನದಾನಮ್ಮನವರು ಉಳಿದವರಂತೆಯೇ ಅವನ ಹೆಸರನ್ನೂ ಬೆರಳಚ್ಚಿಗೆ ಕೊಟ್ಟರು. ಅದು ಹೊರಬೀಳುವ ಮೊದಲು ಹಾಲೇಶಪ್ಪನವರೇ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಅಷ್ಟು ಹೊತ್ತಿಗೆ ಅವರು ಅಧ್ಯಕ್ಷರಾಗಿರಲಿಲ್ಲ. ಹೆಸರು ತೆಗೆಸಲು ಬಂದರೆಂದು ಅನ್ನದಾನಮ್ಮನವರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಮ್ಮ ಗಂಗಾಧರ ಕಾರ್ಡು ಬರದಾನಂತ," ಎಂದರು ಹಾಲೇಶಪ್ಪನವರು.

"ಬರದಾನ್ರಿ. ಹಾಕೀನಿ."

ಅವರು ನೆಲ ನೋಡುತ್ತ ನಿಂತು, "ಬರೀ ಜೆರಾಕ್ಸ್ ಅಲ್ರಿ," ಎಂದರು. "ಎಸ್‌ಟಿಡಿ ಬೂತೂ ಐತಿ. ಅದನ್ನೂ ಬರೀರಿ."

ಅನ್ನದಾನಮ್ಮನವರು ಬರೆದುಕೊಂಡರು. ಇಬ್ಬರೂ ಹಳೆಯ ಮಾತು ಎತ್ತಲಿಲ್ಲ. ಹಾಲೇಶಪ್ಪನವರು ಕ್ಷಮೆ ಕೇಳಲಿಲ್ಲ. ಇವರು ಅದನ್ನು ಬಯಸಲೂ ಇಲ್ಲ. ಮುಂದಿನ ವರ್ಷ ಹೊಸ ಮಂಡಳಿ ಪುಟವನ್ನು ಸಂಚಿಕೆಗೆ ಮರಳಿ ಸೇರಿಸಿತು.

ಈಗ ನಿವೃತ್ತಿಯಾಗಿದೆ. ಈ ಅಭಿನಂದನ ಗ್ರಂಥದ ಸಮಿತಿಯವರಾದ ನಾವು ಅವರನ್ನು ಕಾಣಲು ಹೋದಾಗ ಅವರ ಮುಂದೆ ಮೂವತ್ತೆರಡು ವರ್ಷದ ದಾಖಲಾತಿ ಪುಸ್ತಕಗಳಿಂದ ನಕಲು ಮಾಡಿದ ಹೊಸ ಪಟ್ಟಿಯೊಂದಿತ್ತು: ಪದವಿ ಮುಗಿಸದೆ ಹೋದ ಮುನ್ನೂರ ನಲವತ್ತು ಹುಡುಗಿಯರದು. ಅವರು ಪದವೀಧರರೇ ಅಲ್ಲವಲ್ಲ ಎಂದು ನಮ್ಮಲ್ಲೊಬ್ಬರು ಬಾಯಿ ತಪ್ಪಿ ಅಂದರು.

"ಅವರು ಬಿಟ್ಟಿದ್ದಲ್ಲಪ್ಪ, ಬಿಡಿಸಿದ್ದು," ಎಂದರು ಮೇಡಂ. "ಎಲ್ಲದಾರ ಅಂತ ನಾನೂ ಕೇಳಬಾರದೇನು?"

ಪಟ್ಟಿಯ ಮೊದಲ ಹೆಸರು ನೀಲಗುಂದದ ಹಂಪಮ್ಮನವರದು. ೧೯೮೩ರಲ್ಲಿ ಕೊನೆಯ ವರ್ಷದ ಪರೀಕ್ಷೆಗೆ ಇಪ್ಪತ್ತು ದಿನವಿದ್ದಾಗ ಅವರ ಮದುವೆ ಮಾಡಿದ್ದರು. ಈಗ ಅವರು ಮೊಮ್ಮಗನನ್ನು ಎತ್ತಿಕೊಂಡಿರುವ ಅಜ್ಜಿ. ಮುಕ್ತ ವಿಶ್ವವಿದ್ಯಾಲಯದ ಅರ್ಜಿ ಹಿಡಿದು ಅನ್ನದಾನಮ್ಮನವರು ಈಗಾಗಲೇ ಎರಡು ಸಲ ಹೋಗಿಬಂದಿದ್ದಾರೆ. ಮೊದಲ ಸಲ ಹಂಪಮ್ಮ "ಈಗ ಎದಕ್ಕರಿ ಮೇಡಂ" ಎಂದು ನಕ್ಕರಂತೆ. ಎರಡನೆಯ ಸಲ ನಗಲಿಲ್ಲ. ಅರ್ಜಿಯನ್ನು ಇಸಿದುಕೊಂಡು, ಪರೀಕ್ಷೆ ಯಾವ ತಿಂಗಳೆಂದು ಕೇಳಿದರಂತೆ.

ಆದ್ದರಿಂದ ನಿವೃತ್ತರಿಗೆ ಸಲ್ಲುವ ವಿಶ್ರಾಂತಿಯನ್ನು ನಾವು ಈ ಹಿರಿಯರಿಗೆ ಹಾರೈಸುವುದಿಲ್ಲ. ಹಾರೈಸಿದರೂ ಅವರು ತೆಗೆದುಕೊಳ್ಳುವವರಲ್ಲ. ಅವರ ಮೊಣಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತುವ ಬಲವಿರಲಿ, ಕಣ್ಣಿಗೆ ಹಳೆಯ ಶಾಯಿಯನ್ನು ಓದುವ ಬೆಳಕಿರಲಿ, ಪಟ್ಟಿಯಲ್ಲಿ ಉಳಿದ ಮುನ್ನೂರ ಮೂವತ್ತೊಂಬತ್ತು ಮನೆಗಳ ಬಾಗಿಲು ತಟ್ಟಿ ಮುಗಿಸುವಷ್ಟು ಆಯುಷ್ಯವಿರಲಿ. ಬಾಗಿಲು ತೆರೆಯದ ಮನೆಗಳಿಗೆ ಅವರು ಮತ್ತೆ ಹೋಗುತ್ತಾರೆ.